ಯುದ್ಧಾನಂತರದ ಯಹೂದಿ ನಿರಾಶ್ರಿತರು, ಮೂರು ತನಿಖೆಗಳು: ಯಾವ ವರದಿಯನ್ನು ಮೊದಲು ಓದಬೇಕು?

ಎರಡನೇ ಮಹಾಯುದ್ಧದಲ್ಲಿ ಬದುಕುಳಿದ ಯುರೋಪಿನ ಯಹೂದಿಗಳು ಎಲ್ಲಿ ಹೋಗಿ ನೆಲೆಸಬೇಕು? ಈ ಪ್ರಶ್ನೆ ಹಿಡಿದು 1945ರಿಂದ 1947ರ ನಡುವೆ ಮೂರು ದೊಡ್ಡ ತನಿಖೆಗಳು ನಡೆದವು. ಮೊದಲನೆಯದು ಅಮೆರಿಕದ ಅಧ್ಯಕ್ಷ ಟ್ರೂಮನ್ ಕಳಿಸಿದ ಅರ್ಲ್ ಹ್ಯಾರಿಸನ್ ಅವರ ವರದಿ. ಎರಡನೆಯದು ಬ್ರಿಟನ್ ಮತ್ತು ಅಮೆರಿಕ ಸೇರಿ ನೇಮಿಸಿದ ಆಂಗ್ಲೋ-ಅಮೆರಿಕನ್ ವಿಚಾರಣಾ ಸಮಿತಿಯದು. ಮೂರನೆಯದು ಪ್ಯಾಲೆಸ್ಟೈನ್ ಕುರಿತ ವಿಶ್ವಸಂಸ್ಥೆಯ ವಿಶೇಷ ಸಮಿತಿ, ಅಂದರೆ ಯುಎನ್‌ಸ್ಕಾಪ್‌ನದು.

ಈ ವಿಷಯ ಓದಲು ಹೊರಟವರು ಸಾಮಾನ್ಯವಾಗಿ ಇಲ್ಲೇ ಸಿಕ್ಕಿಕೊಳ್ಳುತ್ತಾರೆ. ಎಂಎ ಪ್ರಬಂಧ ಬರೆಯುವವರು, ಐಎಎಸ್‌ಗೆ ಓದುವವರು, ಸುದ್ದಿ ನೋಡಿ 'ಇದರ ಬೇರು ಎಲ್ಲಿದೆ' ಅಂತ ತಿಳಿಯಬೇಕೆನ್ನುವವರು, ಎಲ್ಲರ ಪ್ರಶ್ನೆಯೂ ಒಂದೇ. ಮೂರನ್ನೂ ಓದಲು ಪುರುಸೊತ್ತಿಲ್ಲ, ಯಾವುದನ್ನು ಹಿಡಿಯೋಣ?

ದುಡ್ಡಿನ ಸಮಸ್ಯೆ ಇಲ್ಲಿಲ್ಲ. ಮೂರೂ ಇಂಟರ್ನೆಟ್‌ನಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಖರ್ಚಾಗುವುದು ಸಮಯ. ಮೂರೂ ಇಂಗ್ಲಿಷ್‌ನಲ್ಲಿ ಇರುವುದರಿಂದ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸ್ವಲ್ಪ ತಾಳ್ಮೆಯೂ ಬೇಕು.

ಯಾವುದರಿಂದ ಅಳೆಯೋಣ?

ನಾನು ನಾಲ್ಕು ಪ್ರಶ್ನೆ ಇಟ್ಟುಕೊಂಡು ಅಳೆಯುತ್ತೇನೆ. ತನಿಖೆಗೆ ಕೊಟ್ಟ ಪ್ರಶ್ನೆ ಏನಾಗಿತ್ತು? ತನಿಖೆ ಮಾಡಿದವರು ನಿರಾಶ್ರಿತರ ಎಷ್ಟು ಹತ್ತಿರ ಹೋದರು? ಆ ಜನರನ್ನು ಯಾವ ನೆಲಕ್ಕೆ ಕಳಿಸಬೇಕು ಅಂದರೋ ಅಲ್ಲಿ ಆಗಲೇ ಇದ್ದವರನ್ನು ಕೇಳಿದರಾ? ಕೊನೆಯದಾಗಿ, ನೇಮಿಸಿದ ಸರ್ಕಾರ ವರದಿ ಬಂದ ಮೇಲೆ ಏನು ಮಾಡಿತು?

ಕೊನೆಯ ಪ್ರಶ್ನೆಗೇ ನನ್ನ ತೂಕ ಜಾಸ್ತಿ. ಸರ್ಕಾರ ಒಂದು ತನಿಖೆಗೆ ಬೆಂಬಲ ಕೊಡುವುದು ಬೇರೆ, ಆ ತನಿಖೆ ಹೇಳಿದ್ದನ್ನು ಒಪ್ಪುವುದು ಬೇರೆ. ಆಯೋಗ ನೇಮಿಸಿ ವರದಿಯನ್ನು ಕಪಾಟಿಗೆ ಸೇರಿಸುವುದು ನಮಗೇನೂ ಹೊಸದಲ್ಲ, ಅಲ್ವಾ? ಆದರೆ ಈ ಮೂರರಲ್ಲಿ ಒಂದೊಂದರ ಕಥೆ ಒಂದೊಂದು ಥರ.

ಹ್ಯಾರಿಸನ್ ವರದಿ: ಚಿಕ್ಕದು, ಖಾರವಾದದ್ದು

ಅರ್ಲ್ ಹ್ಯಾರಿಸನ್ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕಾನೂನು ಕಾಲೇಜಿನ ಡೀನ್. ಅದಕ್ಕೂ ಮೊದಲು ಅಮೆರಿಕದ ವಲಸೆ ಇಲಾಖೆಯ ಮುಖ್ಯಸ್ಥರಾಗಿದ್ದವರು. 1945ರ ಜೂನ್‌ನಲ್ಲಿ ಟ್ರೂಮನ್ ಅವರನ್ನು ಜರ್ಮನಿ ಮತ್ತು ಆಸ್ಟ್ರಿಯಾದ ಶಿಬಿರಗಳನ್ನು ನೋಡಿ ಬರಲು ಕಳಿಸಿದರು. ಅವರು ಸುಮಾರು 30 ಶಿಬಿರ ಸುತ್ತಿ ಆಗಸ್ಟ್‌ನಲ್ಲಿ ವರದಿ ಕೊಟ್ಟರು.

ನಿರಾಶ್ರಿತರ ಹತ್ತಿರ ಹೋಗುವ ವಿಷಯದಲ್ಲಿ ಇದನ್ನು ಮೀರಿಸುವುದು ಕಷ್ಟ. ಯುದ್ಧ ಮುಗಿದು ತಿಂಗಳುಗಳೇ ಕಳೆದಿದ್ದರೂ ಬದುಕುಳಿದವರು ಮುಳ್ಳುತಂತಿಯ ಹಿಂದೆಯೇ ಇದ್ದರು. ಕೆಲವರು ಇದ್ದದ್ದು ಹಳೆಯ ನಾಜಿ ಯಾತನಾ ಶಿಬಿರಗಳಲ್ಲೇ. ಎಷ್ಟೋ ಜನರಿಗೆ ಶಿಬಿರದ ಪಟ್ಟಾಪಟ್ಟಿ ಬಟ್ಟೆ ಬಿಟ್ಟರೆ ಬೇರೆ ಇರಲಿಲ್ಲ. ಇನ್ನು ಕೆಲವರು ಬೇರೆ ದಾರಿಯಿಲ್ಲದೆ ಜರ್ಮನ್ ಎಸ್‌ಎಸ್ ಪಡೆಯ ಸಮವಸ್ತ್ರವನ್ನೇ ಹಾಕಿಕೊಂಡಿದ್ದರು. ನಾಜಿಗಳು ಯಹೂದಿಗಳನ್ನು ಹೇಗೆ ನಡೆಸಿಕೊಂಡರೋ ನಾವೂ ಹಾಗೆಯೇ ನಡೆಸಿಕೊಳ್ಳುತ್ತಿರುವಂತಿದೆ, ಕೊಲ್ಲುತ್ತಿಲ್ಲ ಅನ್ನುವುದೊಂದೇ ವ್ಯತ್ಯಾಸ ಅಂತ ಹ್ಯಾರಿಸನ್ ಬರೆದರು. ತನ್ನದೇ ಸೈನ್ಯದ ಬಗ್ಗೆ ತನ್ನದೇ ಅಧ್ಯಕ್ಷರಿಗೆ ಒಬ್ಬ ಅಧಿಕಾರಿ ಬರೆದ ಮಾತು ಇದು. ಆ ಧೈರ್ಯಕ್ಕಾದರೂ ಓದಬೇಕು.

ಈ ವರದಿಗೆ ಸರ್ಕಾರ ಕೂಡಲೇ ಕಿವಿಗೊಟ್ಟಿತು. ಟ್ರೂಮನ್ ಅದನ್ನು ಯುರೋಪಿನಲ್ಲಿದ್ದ ಅಮೆರಿಕನ್ ಸೈನ್ಯದ ಮುಖ್ಯಸ್ಥ ಜನರಲ್ ಐಸೆನ್‌ಹೋವರ್‌ಗೆ ಕಳಿಸಿದರು. ಅಮೆರಿಕದ ಸೈನ್ಯ ಆಳುತ್ತಿದ್ದ ವಲಯದಲ್ಲಿ ಯಹೂದಿಗಳಿಗೆ ಬೇರೆ ಶಿಬಿರಗಳಾದವು, ಪಡಿತರ ಸುಧಾರಿಸಿತು, ಯಹೂದಿ ವ್ಯವಹಾರಗಳಿಗೆ ಒಬ್ಬ ಸಲಹೆಗಾರರು ಬಂದರು. ಡಿಸೆಂಬರ್ 22ರಂದು ಟ್ರೂಮನ್ ಇನ್ನೊಂದು ಆದೇಶ ಹೊರಡಿಸಿದರು. ದೇಶವಾರು ವಲಸೆ ಮಿತಿ, ಅಂದರೆ ಕೋಟಾದೊಳಗೇ ನಿರಾಶ್ರಿತರಿಗೆ ಮೊದಲ ಆದ್ಯತೆ ಅನ್ನುವುದು ಅದರ ಸಾರ. ಗಮನಿಸಿ, ಕೋಟಾ ಹೆಚ್ಚಾಗಲಿಲ್ಲ. ಸಾಲಿನಲ್ಲಿ ಯಾರು ಮುಂದೆ ಅನ್ನುವುದಷ್ಟೇ ಬದಲಾಯಿತು.

ಕೊರತೆ ಎಲ್ಲಿ? 1 ಲಕ್ಷ ಯಹೂದಿಗಳಿಗೆ ಬ್ರಿಟನ್ನಿನ ಆಡಳಿತದಲ್ಲಿದ್ದ ಪ್ಯಾಲೆಸ್ಟೈನ್‌ಗೆ ಹೋಗಲು ಅನುಮತಿ ಕೊಡಿ ಅನ್ನುವ ಬೇಡಿಕೆಯನ್ನು ಹ್ಯಾರಿಸನ್ ಬೆಂಬಲಿಸಿದರು. ಆದರೆ ಅವರಿಗೆ ವಹಿಸಿದ ಕೆಲಸ ಯುರೋಪಿನದು. ಅವರು ಪ್ಯಾಲೆಸ್ಟೈನ್‌ಗೆ ಹೋಗಲಿಲ್ಲ, ಅಲ್ಲಿನ ಅರಬರನ್ನು ಕೇಳಲಿಲ್ಲ. ಮುಂದೆ ಎರಡು ವರ್ಷ ಎಲ್ಲರ ಬಾಯಲ್ಲೂ ಓಡಾಡಿದ ಆ 1 ಲಕ್ಷದ ಸಂಖ್ಯೆಗೆ ಹೀಗೆ ಒಂದು ಕಡೆಯ ಮಾತು ಕೇಳಿಯೇ ಅಧಿಕೃತ ಮುದ್ರೆ ಬಿತ್ತು. ಇದೊಂದನ್ನೇ ಓದಿ ನಿಲ್ಲಿಸಿದರೆ ನಿಮ್ಮ ಚಿತ್ರವೂ ಒಂದೇ ಕಡೆ ವಾಲುತ್ತದೆ.

ಒಂದು ಸಂಜೆ ಸಾಕು, ಮುಗಿಯುತ್ತದೆ. ಭಾಷೆಯೂ ಸರಳ.

ಆಂಗ್ಲೋ-ಅಮೆರಿಕನ್ ಸಮಿತಿ: ನನ್ನ ಮೊದಲ ಆಯ್ಕೆ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಸರ್ಕಾರಗಳು ತನಿಖೆಯನ್ನು ಹೇಗೆ ಬಳಸಿಕೊಳ್ಳುತ್ತವೆ ಅನ್ನುವುದು ಇಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಉಳಿದೆರಡರಲ್ಲಿ ಕಾಣುವುದಿಲ್ಲ.

ಆಗ ಪ್ಯಾಲೆಸ್ಟೈನ್ ಬ್ರಿಟನ್ನಿನ ಕೈಯಲ್ಲಿತ್ತು. 1939ರಲ್ಲಿ ಬ್ರಿಟನ್ ಹೊರಡಿಸಿದ ನೀತಿಪತ್ರ, ಅಂದರೆ ಶ್ವೇತಪತ್ರದ ಪ್ರಕಾರ ಐದು ವರ್ಷದಲ್ಲಿ 75,000 ಯಹೂದಿಗಳಿಗೆ ಮಾತ್ರ ಪ್ರವೇಶ. ಅದರ ನಂತರ ಅರಬರ ಒಪ್ಪಿಗೆ ಇಲ್ಲದೆ ವಲಸೆ ಇಲ್ಲ. ಟ್ರೂಮನ್ 1 ಲಕ್ಷ ಜನರನ್ನು ಬಿಡಿ ಅನ್ನುತ್ತಿದ್ದರು. ಬ್ರಿಟನ್ನಿನ ವಿದೇಶ ಮಂತ್ರಿ ಅರ್ನೆಸ್ಟ್ ಬೆವಿನ್‌ಗೆ ಇದು ಸಿಟ್ಟು ತರಿಸಿತ್ತು. ಸಲಹೆ ಕೊಡುವವರು ಅಮೆರಿಕನ್ನರು, ಅಲ್ಲಿ ಗಲಾಟೆಯಾದರೆ ಸಾಯುವವರು ಬ್ರಿಟಿಷ್ ಸೈನಿಕರು. ಹಾಗಾದರೆ ಅಮೆರಿಕವೂ ಜವಾಬ್ದಾರಿ ಹೊರಲಿ ಅನ್ನುವುದು ಅವರ ಲೆಕ್ಕ. ಜಂಟಿ ಸಮಿತಿ ಹುಟ್ಟಿದ್ದು ಹಾಗೆ. 1945ರ ನವೆಂಬರ್ 13ರಂದು ಎರಡೂ ಸರ್ಕಾರಗಳು ಘೋಷಿಸಿದವು.

ಪ್ರಶ್ನೆ ಹೇಗೆ ಕೇಳಬೇಕು ಅನ್ನುವುದಕ್ಕೇ ಹಗ್ಗಜಗ್ಗಾಟ ನಡೆಯಿತು. ಯುರೋಪಿನ ಯಹೂದಿಗಳಿಗೆ ಬೇರೆ ಬೇರೆ ದೇಶಗಳಲ್ಲಿ ಎಲ್ಲೆಲ್ಲಿ ಜಾಗ ಇದೆ ಅಂತ ನೋಡೋಣ ಅನ್ನುವುದು ಬ್ರಿಟನ್ನಿನ ಒಲವು. ಪ್ಯಾಲೆಸ್ಟೈನ್ ಮುಖ್ಯ ವಿಷಯವಾಗಿರಲೇಬೇಕು ಅನ್ನುವುದು ಟ್ರೂಮನ್ ಪಟ್ಟು. 120 ದಿನದಲ್ಲಿ ಕೆಲಸ ಮುಗಿಸಿ ಅಂತಲೂ ಗಡುವು ಹಾಕಿದರು.

ಸಮಿತಿಯಲ್ಲಿ 12 ಜನ. ಆರು ಅಮೆರಿಕನ್ನರು, ಆರು ಬ್ರಿಟಿಷರು. ಟೆಕ್ಸಾಸ್‌ನ ನ್ಯಾಯಾಧೀಶ ಜೋಸೆಫ್ ಹಚೆಸನ್, ಇಂಗ್ಲೆಂಡಿನ ನ್ಯಾಯಾಧೀಶ ಸರ್ ಜಾನ್ ಸಿಂಗಲ್‌ಟನ್ ಇಬ್ಬರೂ ಜಂಟಿ ಅಧ್ಯಕ್ಷರು. 1946ರ ಜನವರಿಯಲ್ಲಿ ವಾಷಿಂಗ್ಟನ್‌ನಲ್ಲಿ ವಿಚಾರಣೆ ಶುರುವಾಯಿತು. ಅಲ್ಲಿ ಸಾಕ್ಷಿ ಹೇಳಿದವರಲ್ಲಿ ಐನ್‌ಸ್ಟೈನ್ ಕೂಡ ಒಬ್ಬರು. ಆಮೇಲೆ ಲಂಡನ್. ಅಲ್ಲಿಂದ ಗುಂಪುಗಳಾಗಿ ಒಡೆದು ಜರ್ಮನಿ, ಆಸ್ಟ್ರಿಯಾ, ಪೋಲೆಂಡ್. ನಂತರ ಕೈರೋ, ಮಾರ್ಚ್‌ನಲ್ಲಿ ಜೆರುಸಲೇಮ್. ಕೆಲವು ಸದಸ್ಯರು ಬಾಗ್ದಾದ್, ರಿಯಾದ್‌ವರೆಗೂ ಹೋಗಿಬಂದರು. ಕೊನೆಗೆ ಸ್ವಿಟ್ಜರ್ಲೆಂಡಿನ ಲೌಸಾನ್‌ನಲ್ಲಿ ಕೂತು ವರದಿ ಬರೆದರು.

ನನ್ನ ಮೂರನೇ ಪ್ರಶ್ನೆಗೆ ಇದರಷ್ಟು ಚೆನ್ನಾಗಿ ಉತ್ತರ ಕೊಡುವ ವರದಿ ಇನ್ನೊಂದಿಲ್ಲ. ಜೆರುಸಲೇಮಿನಲ್ಲಿ ಯಹೂದಿಗಳ ಪರವಾಗಿ ಅವರ ನಾಯಕರಾದ ವೈಜ್ಮನ್, ಬೆನ್-ಗುರಿಯನ್ ಮಾತಾಡಿದರು. ಅರಬರ ಪರವಾಗಿ ಜಮಾಲ್ ಹುಸೇನಿ, ಆಲ್ಬರ್ಟ್ ಹೌರಾನಿ ಮಾತಾಡಿದರು. ಎರಡೂ ಜನಾಂಗಗಳಿಗೆ ಸೇರಿದ ಒಂದೇ ದೇಶ ಬೇಕು ಅನ್ನುತ್ತಿದ್ದ ಜುಡಾ ಮ್ಯಾಗ್ನೆಸ್, ಮಾರ್ಟಿನ್ ಬೂಬರ್ ಅವರ ಮಾತನ್ನೂ ಕೇಳಲಾಯಿತು. ಎಲ್ಲ ಪಕ್ಷಗಳೂ ಒಂದೇ ಕಟಕಟೆಗೆ ಬಂದು ನಿಂತದ್ದು ಈ ತನಿಖೆಯಲ್ಲಿ ಮಾತ್ರ.

ಇನ್ನೊಂದು ಲಾಭವಿದೆ. ಈ ಸಮಿತಿಗೆ ಅಂತಲೇ ಪ್ಯಾಲೆಸ್ಟೈನ್‌ನ ಬ್ರಿಟಿಷ್ ಆಡಳಿತ ದೇಶದ ಸಮಗ್ರ ಸಮೀಕ್ಷೆಯೊಂದನ್ನು ಸಿದ್ಧಮಾಡಿತು. ಜನಸಂಖ್ಯೆ, ಭೂಮಿ, ನೀರು, ತೆರಿಗೆ, ಶಾಲೆ ಎಲ್ಲದರ ಲೆಕ್ಕ ಅದರಲ್ಲಿದೆ. ಅಂಕಿಅಂಶ ಬೇಕಾದವರು ಇಂದಿಗೂ ಅದನ್ನೇ ತೆಗೆಯುತ್ತಾರೆ. ಸರ್ಕಾರದ ಬೆಂಬಲ ಅಂದರೆ ಹೀಗೆ ಲೆಕ್ಕಪುಸ್ತಕ ತೆರೆದಿಡುವುದು ಅನ್ನುವ ಅರ್ಥದಲ್ಲಿ ಬ್ರಿಟನ್ ಕೊಟ್ಟ ಬೆಂಬಲ ಸಣ್ಣದಲ್ಲ.

1946ರ ಏಪ್ರಿಲ್ 20ರಂದು ಸಹಿಯಾದ ವರದಿಯಲ್ಲಿ 10 ಶಿಫಾರಸುಗಳಿದ್ದವು. ಹನ್ನೆರಡೂ ಜನ ಒಪ್ಪಿ ಸಹಿ ಹಾಕಿದ್ದು ದೊಡ್ಡ ವಿಷಯ. ಪ್ಯಾಲೆಸ್ಟೈನ್ ಒಂದರಿಂದಲೇ ಈ ಸಮಸ್ಯೆ ಬಗೆಹರಿಯದು, ಬೇರೆ ದೇಶಗಳೂ ಬಾಗಿಲು ತೆರೆಯಬೇಕು ಅನ್ನುವುದು ಮೊದಲ ಶಿಫಾರಸು. 1 ಲಕ್ಷ ಯಹೂದಿಗಳಿಗೆ ಕೂಡಲೇ ಪ್ರವೇಶಪತ್ರ ಕೊಡಿ ಅನ್ನುವುದು ಎರಡನೆಯದು. ಪ್ಯಾಲೆಸ್ಟೈನ್ ಯಹೂದಿ ರಾಜ್ಯವೂ ಆಗಬಾರದು, ಅರಬ್ ರಾಜ್ಯವೂ ಆಗಬಾರದು ಅನ್ನುವುದು ಮೂರನೆಯದು.

ಇನ್ನು ಸರ್ಕಾರಗಳು ಏನು ಮಾಡಿದವು ನೋಡಿ. ಎಲ್ಲರೂ ಒಮ್ಮತದಿಂದ ಬರೆದುಕೊಟ್ಟರೆ ಜಾರಿಗೆ ತರಲು ಕೈಲಾದದ್ದೆಲ್ಲ ಮಾಡುತ್ತೇನೆ ಅಂತ ಬೆವಿನ್ ಸಮಿತಿಗೆ ಹೇಳಿದ್ದರು. ವರದಿ ಹೊರಬಿದ್ದ ಕೂಡಲೇ ಟ್ರೂಮನ್ ತಮಗೆ ಬೇಕಾದ 1 ಲಕ್ಷದ ಶಿಫಾರಸನ್ನು ಎತ್ತಿಕೊಂಡು ಸ್ವಾಗತಿಸಿದರು. ಉಳಿದದ್ದರ ಬಗ್ಗೆ ಆಮೇಲೆ ನೋಡೋಣ ಅಂದರು. ಮೇ 1ರಂದು ಬ್ರಿಟನ್ನಿನ ಪ್ರಧಾನಿ ಆಟ್ಲಿ ಸಂಸತ್ತಿನಲ್ಲಿ ಷರತ್ತು ಮುಂದಿಟ್ಟರು. ಪ್ಯಾಲೆಸ್ಟೈನ್‌ನ ಅಕ್ರಮ ಸೇನೆಗಳು ಮೊದಲು ಶಸ್ತ್ರ ಕೆಳಗಿಡಬೇಕು, ಸೈನ್ಯ ಮತ್ತು ಖರ್ಚಿನಲ್ಲಿ ಅಮೆರಿಕದ ಪಾಲು ಎಷ್ಟು ಅಂತ ತಿಳಿಯಬೇಕು, ಆಮೇಲೆ ಮಾತು. ಅರಬ್ ನಾಯಕರು ವರದಿಯನ್ನು ತಿರಸ್ಕರಿಸಿದರು. ಪ್ಯಾಲೆಸ್ಟೈನ್‌ನ ಯಹೂದಿಗಳನ್ನು ಪ್ರತಿನಿಧಿಸುತ್ತಿದ್ದ ಯಹೂದಿ ಏಜೆನ್ಸಿಗೆ ಎರಡನೇ ಶಿಫಾರಸು ಬೇಕಿತ್ತು, ಮೂರನೆಯದು ಬೇಡವಾಗಿತ್ತು.

ಮೊದಲ ಶಿಫಾರಸನ್ನು ಮಾತ್ರ ಯಾರೂ ಎತ್ತಿಕೊಳ್ಳಲಿಲ್ಲ. ನನಗೆ ಈ ಇಡೀ ಕಥೆಯಲ್ಲಿ ಕಣ್ಣಿಗೆ ಹೊಡೆಯುವುದು ಇದೇ. ಬೇರೆ ದೇಶಗಳೂ ನಿರಾಶ್ರಿತರನ್ನು ತೆಗೆದುಕೊಳ್ಳಲಿ ಅಂದಾಗ ಆ ಮಾತು ಮೊದಲು ತಟ್ಟಬೇಕಿದ್ದದ್ದು ಅಮೆರಿಕದ ಬಾಗಿಲನ್ನೇ. ಅಲ್ಲಿ 1924ರ ಕೋಟಾ ಕಾನೂನು ಹಾಗೆಯೇ ಕೂತಿತ್ತು.

ಜುಲೈ 4ರಂದು ಪೋಲೆಂಡಿನ ಕಿಯೆಲ್ಸೆ ಊರಿನಲ್ಲಿ ಗುಂಪೊಂದು 42 ಯಹೂದಿಗಳನ್ನು ಕೊಂದಿತು. ನಾಜಿಗಳು ಸೋತು ವರ್ಷ ಕಳೆದ ಮೇಲೆ ನಡೆದ ಕೊಲೆಗಳು ಇವು. ಅಲ್ಲಿಂದ ಜನ ಸಾವಿರಗಟ್ಟಲೆ ಪಶ್ಚಿಮಕ್ಕೆ ಓಡಿದರು, ಶಿಬಿರಗಳು ತುಂಬಿದವು. ಅದೇ ತಿಂಗಳ 22ರಂದು ಜೆರುಸಲೇಮಿನ ಕಿಂಗ್ ಡೇವಿಡ್ ಹೋಟೆಲ್‌ನಲ್ಲಿದ್ದ ಬ್ರಿಟಿಷ್ ಕಚೇರಿಯ ಮೇಲೆ ಇರ್ಗುನ್ ಅನ್ನುವ ಯಹೂದಿ ಸಶಸ್ತ್ರ ಸಂಘಟನೆ ಬಾಂಬ್ ಹಾಕಿತು. ಎರಡೂ ಸರ್ಕಾರಗಳ ತಜ್ಞರು ಸೇರಿ ಮಾರಿಸನ್-ಗ್ರೇಡಿ ಅನ್ನುವ ಇನ್ನೊಂದು ಯೋಜನೆ ತಂದರು. ಅದೂ ಬಿದ್ದುಹೋಯಿತು. 1947ರ ಫೆಬ್ರವರಿಯಲ್ಲಿ ಬ್ರಿಟನ್ ಕೈಚೆಲ್ಲಿ ವಿಷಯವನ್ನು ವಿಶ್ವಸಂಸ್ಥೆಗೆ ಒಪ್ಪಿಸುವುದಾಗಿ ಹೇಳಿತು.

ವರದಿ ಯೇಲ್ ಕಾನೂನು ಶಾಲೆಯ ಅವಲಾನ್ ಪ್ರಾಜೆಕ್ಟ್ ತಾಣದಲ್ಲಿದೆ. ಎರಡು ಮೂರು ದಿನ ಹಿಡಿಯುತ್ತದೆ. ಅಷ್ಟೂ ಬೇಡ ಅಂದರೆ ಒಂದು, ಎರಡು, ಐದು, ಆರನೇ ಅಧ್ಯಾಯ ಓದಿ. ಶಿಫಾರಸುಗಳು, ಯುರೋಪಿನ ಯಹೂದಿಗಳ ಸ್ಥಿತಿ, ಯಹೂದಿಗಳ ನಿಲುವು, ಅರಬರ ನಿಲುವು, ಈ ಕ್ರಮದಲ್ಲಿ ಬರುತ್ತವೆ.

ಯುಎನ್‌ಸ್ಕಾಪ್: ಭಾರತ ಕೂತಿದ್ದ ಮೇಜು

1947ರ ಮೇ 15ರಂದು ರಚನೆಯಾದ ಈ ಸಮಿತಿಯಲ್ಲಿ 11 ದೇಶಗಳಿದ್ದವು. ಸ್ವೀಡನ್ನಿನ ಎಮಿಲ್ ಸ್ಯಾಂಡ್‌ಸ್ಟ್ರೋಮ್ ಅಧ್ಯಕ್ಷರು. ದೊಡ್ಡ ರಾಷ್ಟ್ರಗಳನ್ನು ಬೇಕಂತಲೇ ಹೊರಗಿಟ್ಟಿದ್ದರು. ಭಾರತದ ಪ್ರತಿನಿಧಿ ಲಾಹೋರ್ ಹೈಕೋರ್ಟಿನ ನ್ಯಾಯಾಧೀಶ ಸರ್ ಅಬ್ದುರ್ ರಹಮಾನ್.

ಇಲ್ಲಿ ಕೊಟ್ಟ ಪ್ರಶ್ನೆ ಪ್ಯಾಲೆಸ್ಟೈನ್‌ನ ಭವಿಷ್ಯದ್ದು, ನಿರಾಶ್ರಿತರದ್ದು ಅದರೊಳಗಿನ ಒಂದು ಭಾಗ. ಆದರೂ ನಿರಾಶ್ರಿತರು ಕಣ್ಣೆದುರಿಗೇ ಬಂದರು. ಸಮಿತಿ ಪ್ಯಾಲೆಸ್ಟೈನ್‌ನಲ್ಲಿದ್ದಾಗಲೇ, ಜುಲೈ 18ರಂದು, ಅನುಮತಿಯಿಲ್ಲದೆ ಅಲ್ಲಿಗೆ ಬರುತ್ತಿದ್ದ ಸುಮಾರು 4,500 ಯಹೂದಿ ನಿರಾಶ್ರಿತರಿದ್ದ ಎಕ್ಸೋಡಸ್ ಹಡಗನ್ನು ಬ್ರಿಟಿಷ್ ನೌಕಾಪಡೆ ಹೈಫಾಕ್ಕೆ ಎಳೆತಂದಿತು. ಅವರನ್ನು ಬಲವಂತವಾಗಿ ಬೇರೆ ಹಡಗುಗಳಿಗೆ ಹತ್ತಿಸುವುದನ್ನು ಸ್ಯಾಂಡ್‌ಸ್ಟ್ರೋಮ್ ಬಂದರಿನಲ್ಲೇ ನಿಂತು ನೋಡಿದರು. ಆಗಸ್ಟ್‌ನಲ್ಲಿ ಉಪಸಮಿತಿಯೊಂದು ಯುರೋಪಿನ ಶಿಬಿರಗಳಿಗೂ ಹೋಯಿತು.

ಅರಬರ ಕಡೆ ಮಾತ್ರ ಇಲ್ಲಿ ಬರಿದು. ಪ್ಯಾಲೆಸ್ಟೈನ್‌ನ ಅರಬ್ ನಾಯಕರ ಕೂಟವಾದ ಅರಬ್ ಉನ್ನತ ಸಮಿತಿ ಬಹಿಷ್ಕಾರ ಹಾಕಿತ್ತು. ಅರಬ್ ದೇಶಗಳ ಪ್ರತಿನಿಧಿಗಳ ಮಾತನ್ನು ಲೆಬನಾನ್‌ನಲ್ಲಿ ಕೇಳಿದರು, ಆದರೆ ಅದು ಅಲ್ಲಿನ ನೆಲದವರ ಸಾಕ್ಷಿಗೆ ಸಮವಲ್ಲ. ಆಗ ಪ್ಯಾಲೆಸ್ಟೈನ್‌ನಲ್ಲಿ ಅರಬರು ಸುಮಾರು 12 ಲಕ್ಷ, ಯಹೂದಿಗಳು ಸುಮಾರು 6 ಲಕ್ಷ ಅಂತ ಇದೇ ವರದಿ ಹೇಳುತ್ತದೆ.

ಫಲಿತಾಂಶ ನಿಮಗೆ ಗೊತ್ತಿರಬಹುದು. ಏಳು ದೇಶಗಳು ವಿಭಜನೆ, ಅಂದರೆ ಅರಬರಿಗೊಂದು ಯಹೂದಿಗಳಿಗೊಂದು ರಾಜ್ಯ ಅಂದವು. ಭಾರತ, ಇರಾನ್, ಯುಗೊಸ್ಲಾವಿಯಾ ಒಕ್ಕೂಟ, ಅಂದರೆ ಎರಡೂ ಸೇರಿದ ಒಂದೇ ದೇಶ ಅಂದವು. ಆಸ್ಟ್ರೇಲಿಯಾ ಯಾವುದಕ್ಕೂ ಸೇರಲಿಲ್ಲ. ವಿಭಜನೆಯ ಯೋಜನೆಯಲ್ಲಿ ಎರಡು ವರ್ಷದ ಮಧ್ಯಂತರ ಅವಧಿಗೆ 1,50,000 ಯಹೂದಿ ವಲಸಿಗರ ಲೆಕ್ಕ ಇತ್ತು. ಒಕ್ಕೂಟದ ಯೋಜನೆ ಸಂಖ್ಯೆ ಹೇಳಲಿಲ್ಲ. ಮೂವರು ಅರಬರು, ಮೂವರು ಯಹೂದಿಗಳು, ವಿಶ್ವಸಂಸ್ಥೆಯ ಮೂವರು ಇರುವ ಆಯೋಗ ಎಷ್ಟು ಜನರನ್ನು ತಾಳಿಕೊಳ್ಳಬಹುದು ಅಂತ ತೀರ್ಮಾನಿಸಲಿ ಅಂದಿತು. ಶಿಬಿರಗಳಲ್ಲಿರುವ ಸುಮಾರು 2,50,000 ಯಹೂದಿಗಳಿಗೆ ಅಂತಾರಾಷ್ಟ್ರೀಯ ವ್ಯವಸ್ಥೆಯನ್ನು ಕೂಡಲೇ ಮಾಡಿ ಅನ್ನುವ ಒಮ್ಮತದ ಶಿಫಾರಸೂ ಅದರಲ್ಲಿತ್ತು. ನವೆಂಬರ್ 29ರಂದು ವಿಭಜನೆಗೆ 33 ಮತ ಪರ, 13 ವಿರೋಧ, 10 ತಟಸ್ಥ. ಭಾರತ ವಿರೋಧವಾಗಿ ಮತ ಹಾಕಿತು. ಅದರ ಬೆನ್ನಲ್ಲೇ ಅರಬರಿಗೂ ಯಹೂದಿಗಳಿಗೂ ನಡೆದ ಯುದ್ಧದಲ್ಲಿ 7 ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ಟೈನ್ ಅರಬರು ಮನೆ ಕಳೆದುಕೊಂಡು ನಿರಾಶ್ರಿತರಾದರು. ನಿರಾಶ್ರಿತರ ಒಂದು ಸಮಸ್ಯೆ ಬಗೆಹರಿಸಲು ಕೂತವರ ಕಾಗದಗಳನ್ನು ಓದುವಾಗ ಇದನ್ನು ಬದಿಗಿಡಲು ಆಗುವುದಿಲ್ಲ.

ನಮ್ಮ ಓದುಗರಿಗೆ ಇಲ್ಲಿ ಬೇರೆಯದೇ ಆಸಕ್ತಿ ಇದೆ. ವರದಿಗೆ ಜಿನೀವಾದಲ್ಲಿ ಸಹಿ ಬಿದ್ದದ್ದು 1947ರ ಆಗಸ್ಟ್ 31ರಂದು. ಅಬ್ದುರ್ ರಹಮಾನ್ ಅವರ ಲಾಹೋರ್ ಆಗಲೇ ಪಾಕಿಸ್ತಾನಕ್ಕೆ ಸೇರಿ ಹೊತ್ತಿ ಉರಿಯುತ್ತಿತ್ತು. ಅವರು ಬರೆದ ವಿಶೇಷ ಟಿಪ್ಪಣಿ ಎರಡನೇ ಸಂಪುಟದಲ್ಲಿದೆ. ಹಾಗೇ ಇನ್ನೊಂದು ಮಾತು. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡಗಳನ್ನು ವಿನ್ಯಾಸ ಮಾಡಿದ ಆಟೋ ಕೋನಿಗ್ಸ್‌ಬರ್ಗರ್ ಬರ್ಲಿನ್‌ನಿಂದ ಓಡಿಬಂದ ಯಹೂದಿ. 1939ರಿಂದ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿದ್ದರು. 1948ರಲ್ಲಿ ಭಾರತ ಸರ್ಕಾರದ ವಸತಿ ನಿರ್ದೇಶಕರಾಗಿ ನಮ್ಮ ದೇಶವಿಭಜನೆಯ ನಿರಾಶ್ರಿತರಿಗೆ ಮನೆ ಕಟ್ಟಿಸುವ ಕೆಲಸಕ್ಕೆ ಇಳಿದರು. ಯಾವ ಸಮಿತಿಯ ವರದಿಯಲ್ಲೂ ಅವರ ಹೆಸರು ಹುಡುಕಬೇಡಿ, ಸುಮ್ನೆ ನೆನಪಾಯಿತು.

ಓದಲು ಇದು ಮೂರರಲ್ಲಿ ಭಾರವಾದದ್ದು. ಭಾಷೆ ವಕೀಲರದು, ಸಂಪುಟ ಐದು. ಮೊದಲ ಸಂಪುಟದ ಐದು, ಆರು, ಏಳನೇ ಅಧ್ಯಾಯಗಳು ಸಾಕು.

ನಾಲ್ಕನೆಯ ದಾರಿ

ವರದಿ ಬೇಡ, ಕೊನೆಗೆ ಏನಾಯಿತು ಅಂತ ಮಾತ್ರ ಬೇಕು ಅನ್ನುವವರು ಅಮೆರಿಕದ 1948ರ ನಿರಾಶ್ರಿತರ ಕಾಯ್ದೆ ಮತ್ತು ಅಂತಾರಾಷ್ಟ್ರೀಯ ನಿರಾಶ್ರಿತರ ಸಂಸ್ಥೆ, ಅಂದರೆ ಐಆರ್‌ಒ ಬಗ್ಗೆ ಓದಬಹುದು. ಐಆರ್‌ಒ 1952ರಲ್ಲಿ ಮುಚ್ಚುವ ಹೊತ್ತಿಗೆ ಎಲ್ಲ ಧರ್ಮ, ದೇಶಗಳ 10 ಲಕ್ಷಕ್ಕೂ ಹೆಚ್ಚು ಜನರನ್ನು ನೆಲೆಗೊಳಿಸಿತ್ತು. ಅಮೆರಿಕದ ಕಾಯ್ದೆಯಲ್ಲಿ ಒಂದು ಕೊಕ್ಕೆ ಇತ್ತು. 1945ರ ಡಿಸೆಂಬರ್ 22ರೊಳಗೆ ಶಿಬಿರದ ಪ್ರದೇಶಕ್ಕೆ ಬಂದಿರಬೇಕು. ಕಿಯೆಲ್ಸೆಯ ನಂತರ ಓಡಿಬಂದವರು ಇದರಿಂದ ಹೊರಗೆ ಬಿದ್ದರು. ಟ್ರೂಮನ್ ಗೊಣಗುತ್ತಲೇ ಸಹಿ ಹಾಕಿದರು, 1950ರಲ್ಲಿ ತಿದ್ದುಪಡಿ ಬಂತು. ಕೊನೆಗೆ ಈ ಶಿಬಿರವಾಸಿಗಳಲ್ಲಿ ಸುಮಾರು 1,36,000 ಯಹೂದಿಗಳು ಇಸ್ರೇಲ್‌ಗೂ 80,000ಕ್ಕೂ ಹೆಚ್ಚು ಯಹೂದಿಗಳು ಅಮೆರಿಕಕ್ಕೂ ಹೋದರು. ಇಲ್ಲಿ ಸಂಖ್ಯೆಗಳು ಸಿಗುತ್ತವೆ, ಜನರ ದನಿ ಸಿಗುವುದಿಲ್ಲ.

ಯಾರಿಗೆ ಯಾವುದು?

ಒಂದೇ ಸಂಜೆ ಇದ್ದರೆ ಹ್ಯಾರಿಸನ್. ಆದರೆ ಅದರ ಜೊತೆಗೆ ಆಂಗ್ಲೋ-ಅಮೆರಿಕನ್ ವರದಿಯ ಆರನೇ ಅಧ್ಯಾಯವನ್ನೂ ಓದಿಬಿಡಿ. ಹ್ಯಾರಿಸನ್ ಕೇಳದೆ ಬಿಟ್ಟವರ ಮಾತು ಅಲ್ಲಿದೆ.

ಒಂದು ವಾರಾಂತ್ಯ ಇದ್ದರೆ ಆಂಗ್ಲೋ-ಅಮೆರಿಕನ್ ಸಮಿತಿ, ಎರಡು ಮಾತಿಲ್ಲ. ಪ್ರಬಂಧ ಬರೆಯುವವರಿಗೂ ಇದೇ ಸರಿ. ವರದಿ, ಅದಕ್ಕೆ ಟ್ರೂಮನ್ ಹೇಳಿಕೆ, ಆಟ್ಲಿ ಸಂಸತ್ತಿನಲ್ಲಿ ಹೇಳಿದ್ದು, ಮೂರನ್ನೂ ಪಕ್ಕಪಕ್ಕ ಇಟ್ಟರೆ ಅಧ್ಯಾಯವೊಂದು ತಾನಾಗಿಯೇ ಸಿದ್ಧವಾಗುತ್ತದೆ.

ಐಎಎಸ್, ಕೆಎಎಸ್ ಓದುವವರು, ಭಾರತದ ವಿದೇಶಾಂಗ ನೀತಿ ಕಲಿಸುವವರು ಯುಎನ್‌ಸ್ಕಾಪ್‌ನ ಏಳನೇ ಅಧ್ಯಾಯದಿಂದ ಶುರುಮಾಡಿ. ಭಾರತ ಸಹಿ ಹಾಕಿದ ಒಕ್ಕೂಟದ ಯೋಜನೆ ಇರುವುದು ಅಲ್ಲೇ. ಆಮೇಲೆ ಹಿಂದಕ್ಕೆ ಹೋಗಿ ಆರನೆಯದನ್ನು ಓದಿದರೆ ಭಾರತ ಯಾವುದನ್ನು ಬೇಡ ಅಂದಿತು ಅಂತ ತಿಳಿಯುತ್ತದೆ.

ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುವ ಮೇಷ್ಟ್ರುಗಳಿಗೆ ಒಂದು ಸಲಹೆ. ಹತ್ತು ಶಿಫಾರಸುಗಳನ್ನು ಮಾತ್ರ ಜೆರಾಕ್ಸ್ ಮಾಡಿಸಿ ಹಂಚಿ. ಒಂದು ಗುಂಪು ಬ್ರಿಟನ್, ಒಂದು ಅಮೆರಿಕ, ಒಂದು ಯಹೂದಿ ಏಜೆನ್ಸಿ, ಒಂದು ಅರಬ್ ಉನ್ನತ ಸಮಿತಿ. ಯಾವುದನ್ನು ಒಪ್ಪುತ್ತೀರಿ, ಯಾವುದನ್ನು ಬಿಡುತ್ತೀರಿ ಅಂತ ಗುರುತು ಹಾಕಿಸಿ. 1946ರ ಮೇ ತಿಂಗಳಲ್ಲಿ ಯಾರು ಯಾವುದಕ್ಕೆ ಗುರುತು ಹಾಕಿದರು ಅನ್ನುವುದನ್ನು ಆಮೇಲೆ ತೋರಿಸಿ.